ಕೋಷ್ಟಕ ರಚನೆ: ಕನ್ನಡ ಬರಹದಲ್ಲಿ ಸಾಲು, ಅಂಕಣ ಮತ್ತು ಮನೆಗಳ ವ್ಯವಸ್ಥೆ

1. ಪ್ರವೇಶ

ಪಠ್ಯಸಂಪಾದನೆಯ ತತ್ತ್ವಗಳನ್ನು ಕುರಿತು, ಅಡಿಟಿಪ್ಪಣಿಗಳ ಕ್ರಮವನ್ನು ಕುರಿತು, ಉಲ್ಲೇಖಗಳ ವಿನ್ಯಾಸವನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಅಂಕಿ ಅಂಶಗಳನ್ನೋ ಭಾಷಿಕ ರೂಪಗಳನ್ನೋ ಸಾಲು ಅಂಕಣಗಳಲ್ಲಿ ಜೋಡಿಸುವ ಕೆಲಸವನ್ನು ನಾವು ಬಹುಮಟ್ಟಿಗೆ ಅಚ್ಚುಕೂಟದವರ ಕೆಲಸವೆಂದೇ ಭಾವಿಸಿಕೊಂಡು ಬಂದಿದ್ದೇವೆ. ಲೇಖಕನು ಹಸ್ತಪ್ರತಿಯಲ್ಲಿ ಗೆರೆ ಎಳೆದು ಕೊಡುತ್ತಿದ್ದ. ಮೊಳೆ ಜೋಡಿಸುವವನು ಅದನ್ನು ಕಣ್ಣಳತೆಯಲ್ಲಿ ಕೂಡಿಸುತ್ತಿದ್ದ. ಇಂದು ಲೇಖಕನೇ ಗಣಕದ ಮುಂದೆ ಕುಳಿತು ತನ್ನ ಬರಹವನ್ನು ಸಿದ್ಧಪಡಿಸುತ್ತಾನೆ. ಆದ್ದರಿಂದ ಕೋಷ್ಟಕದ ಜವಾಬ್ದಾರಿಯೂ ಅವನದೇ ಆಗಿದೆ. ಈ ಕಾರ್ಯದ ವಿಧಾನವನ್ನು ವಿವರಿಸುವುದು, ಮತ್ತು ಆ ವಿಧಾನದ ಹಿಂದಿರುವ ವಿಚಾರವನ್ನು ಒಂದು ನೈಜ ನಿದರ್ಶನದ ಮೂಲಕ ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

'ಕೋಷ್ಠ' ಎಂದರೆ ಕೋಣೆ, ಉಗ್ರಾಣ. ಹಲವು ಕೋಣೆಗಳುಳ್ಳದ್ದು ಕೋಷ್ಟಕ. ಅದರ ಒಂದೊಂದು ಕೋಣೆಯನ್ನು 'ಮನೆ' ಎಂದು ಕರೆಯುವುದು ಚೌಕಾಬಾರ ಆಡಿದ ಯಾವ ಕನ್ನಡಿಗನಿಗೂ ಸಹಜವಾಗಿ ಬರುವ ಮಾತು. ಈ ಲೇಖನದಲ್ಲಿಯೂ ಅದೇ ಪದವನ್ನು ಬಳಸಲಾಗಿದೆ. ಅಡ್ಡಲಾಗಿ ಸಾಗುವುದು ಸಾಲು, ಮೇಲಿಂದ ಕೆಳಕ್ಕೆ ಇಳಿಯುವುದು ಅಂಕಣ.

ಕೋಷ್ಟಕವು ನಮಗೆ ಹೊಸತಲ್ಲ. ಮಗ್ಗಿ ಪುಸ್ತಕ, ಪಂಚಾಂಗ, ಅಂಗಡಿಯ ಖಾತೆ ಪುಸ್ತಕ ಇವೆಲ್ಲ ಕೋಷ್ಟಕಗಳೇ. ಅದಕ್ಕಿಂತಲೂ ಮಿಗಿಲಾದ ಉದಾಹರಣೆ ನಮ್ಮ ವರ್ಣಮಾಲೆಯ ವರ್ಗೀಯ ವ್ಯಂಜನಗಳು. ಐದು ಸಾಲು, ಐದು ಅಂಕಣ, ಇಪ್ಪತ್ತೈದು ಮನೆ. ಸಾಲು ಉಚ್ಚಾರಣೆಯ ಸ್ಥಾನವನ್ನು ಹೇಳುತ್ತದೆ: ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ. ಅಂಕಣ ಉಚ್ಚಾರಣೆಯ ರೀತಿಯನ್ನು ಹೇಳುತ್ತದೆ: ಅಲ್ಪಪ್ರಾಣವೋ ಮಹಾಪ್ರಾಣವೋ, ಶ್ವಾಸವೋ ನಾದವೋ, ಅನುನಾಸಿಕವೋ ಎಂಬುದನ್ನು. ಮೂರನೆಯ ಸಾಲು, ನಾಲ್ಕನೆಯ ಅಂಕಣ ಎಂದೊಡನೆ 'ಢ'ಕಾರವು ಮೂರ್ಧನ್ಯ, ನಾದ, ಮಹಾಪ್ರಾಣ ಎಂಬ ಮೂರು ಸಂಗತಿಗಳು ಬೇರೆ ಮಾತಿಲ್ಲದೆ ತಿಳಿಯುತ್ತವೆ. ಇಲ್ಲಿ ಅಕ್ಷರವು ನಿಂತಿರುವ ಸ್ಥಾನವೇ ಅದರ ಅರ್ಥವನ್ನು ಹೇಳುತ್ತದೆ. 'ಢ'ವನ್ನು ಒಂದು ಮನೆ ಪಕ್ಕಕ್ಕೆ ಸರಿಸಿದರೆ ಪಟ್ಟಿ ನೋಡಲು ಅಂದವಾಗಿಯೇ ಇರಬಹುದು. ಆದರೆ ಅದು ಹೇಳುವುದು ಸುಳ್ಳಾಗುತ್ತದೆ. ಕೋಷ್ಟಕದ ವಿನ್ಯಾಸವನ್ನು ಅಲಂಕಾರವೆಂದು ಬಗೆಯದೆ ಹೇಳಿಕೆಯ ಭಾಗವೆಂದು ಬಗೆಯಬೇಕೆನ್ನುವುದು ಇದರಿಂದಲೇ.

2. ತೆರಪು ಬಿಟ್ಟು ಕಟ್ಟಿದ ಕೋಷ್ಟಕದ ದೋಷ

ಗಣಕದಲ್ಲಿ ಬರೆಯುವವರು ಸಾಮಾನ್ಯವಾಗಿ ಅನುಸರಿಸುವ ಕ್ರಮವೆಂದರೆ, ತೆರಪಿನ ಕೀಲಿಯನ್ನು ಮತ್ತೆ ಮತ್ತೆ ಒತ್ತಿ ಒಂದು ಅಂಕಣದ ಮಾತುಗಳನ್ನು ಒಂದರ ಕೆಳಗೊಂದು ತರುವುದು. ಇದು ಬೆರಳಚ್ಚು ಯಂತ್ರದಿಂದ ಬಂದ ಅಭ್ಯಾಸ. ಇಂಗ್ಲಿಷ್ ಬೆರಳಚ್ಚು ಯಂತ್ರದಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲ. ಹತ್ತು ಸಲ ಕೀಲಿ ಒತ್ತಿದರೆ ಕಾಗದ ಹತ್ತು ಹೆಜ್ಜೆ ಸರಿಯುತ್ತಿತ್ತು. ಅದರಲ್ಲಿದ್ದ 'ಟ್ಯಾಬ್' ಕೀಲಿಯ ಹೆಸರಿನ ಮೂಲವೂ ಕೋಷ್ಟಕವೆಂಬ ಅರ್ಥದ ಪದವೇ. ಸಮಾನ ಅಗಲದ ರೋಮನ್ ಅಕ್ಷರಗಳನ್ನು ಬಳಸುವವರೆಗೆ ಈ ಉಪಾಯ ಗಣಕದಲ್ಲಿಯೂ ತಕ್ಕಮಟ್ಟಿಗೆ ನಡೆಯುತ್ತದೆ.

ಕನ್ನಡಕ್ಕೆ ಬಂದಾಗ ಅದು ನಡೆಯುವುದಿಲ್ಲ. ಮೊದಲನೆಯದಾಗಿ, ಕನ್ನಡ ಅಕ್ಷರಗಳ ಅಗಲ ಒಂದೇ ಸಮನಾಗಿಲ್ಲ: 'ರ' ಕಿರಿದು, 'ಝ' ಮತ್ತು 'ಯ' ಅಗಲ. ಎರಡನೆಯದಾಗಿ, ಗಣಕವು ಒಳಗೆ ಎಣಿಸುವ ಸಂಕೇತಗಳಿಗೂ ನಾವು ಕಣ್ಣಿನಿಂದ ಎಣಿಸುವ ಅಕ್ಷರಗಳಿಗೂ ಸಂಬಂಧ ನೇರವಾಗಿಲ್ಲ. ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ 'ಕನ್ನಡ' ಎಂಬುದು ಐದು ಸಂಕೇತಗಳು, ಮೂರು ಅಕ್ಷರಗಳು. 'ರಾಷ್ಟ್ರ' ಏಳು ಸಂಕೇತಗಳು, ಎರಡೇ ಅಕ್ಷರಗಳು. 'ಸ್ತ್ರೀ' ಎಂಬಲ್ಲಿ ಆರು ಸಂಕೇತಗಳು ಕೂಡಿ ಒಂದೇ ಅಕ್ಷರವಾಗುತ್ತವೆ. ಒತ್ತಕ್ಷರವು ಮೂಲಾಕ್ಷರದ ಕೆಳಗೆ ಎಷ್ಟು ಎಡೆ ಹಿಡಿಯಬೇಕೆಂಬುದನ್ನು ಆಯಾ ಅಕ್ಷರಶೈಲಿಯೇ ನಿರ್ಧರಿಸುತ್ತದೆ. ಹೀಗಾಗಿ ಒಂದು ಗಣಕದಲ್ಲಿ ನೆಟ್ಟಗೆ ನಿಂತ ಅಂಕಣವು ಅಕ್ಷರಶೈಲಿ ಬದಲಾದ ಇನ್ನೊಂದು ಗಣಕದಲ್ಲಿ ಡೊಂಕಾಗುತ್ತದೆ. ಮೂರನೆಯದಾಗಿ, ಬರಹವನ್ನು ತೆರೆಗೆ ತರುವ ಹಲವು ವ್ಯವಸ್ಥೆಗಳು ಒಂದರ ಮುಂದೊಂದು ಇರುವ ಅನೇಕ ತೆರಪುಗಳನ್ನು ಒಂದೇ ತೆರಪಾಗಿ ಕುಗ್ಗಿಸುತ್ತವೆ. ಆಗ ಅಂಕಣಗಳ ನಡುವಿನ ಗಡಿಯೇ ಅಳಿಸಿಹೋಗುತ್ತದೆ. ಒಂದು ಮನೆ ಖಾಲಿಯಿದ್ದರಂತೂ ಅದರ ಮುಂದಿನ ಅಂಕಿ ಹಿಂದಕ್ಕೆ ಸರಿದು ಆ ಮನೆಯಲ್ಲಿ ಕುಳಿತುಕೊಳ್ಳುತ್ತದೆ. ಅಂಕಿ ಬದಲಾಗಿಲ್ಲ, ಅದರ ವಿಳಾಸ ಬದಲಾಗಿದೆ. ಕರಡು ತಿದ್ದುವವರ ಕಣ್ಣಿಗೆ ಸುಲಭವಾಗಿ ಬೀಳದ ದೋಷವಿದು.

3. ಗುರುತುಗಳಿಂದ ಕಟ್ಟುವ ಕ್ರಮ

ಇದಕ್ಕಿರುವ ಪರಿಹಾರವೆಂದರೆ, ಮನೆಗಳ ಗಡಿಯನ್ನು ತೆರಪಿನ ಅಳತೆಗೆ ಬಿಡದೆ ಗುರುತಿನ ಮೂಲಕ ಸ್ಪಷ್ಟವಾಗಿ ಹೇಳುವುದು. ಎಚ್‌ಟಿಎಂಎಲ್ ಎಂಬ ಗುರುತುಭಾಷೆಯ 1997ರ ಆವೃತ್ತಿಯಲ್ಲಿ ಕೋಷ್ಟಕಕ್ಕೂ ಅದರ ಸಾಲು, ಮನೆಗಳಿಗೂ ಪ್ರತ್ಯೇಕ ಗುರುತುಗಳು ಸೇರಿಕೊಂಡಿದ್ದವು. ಆ ಕ್ರಮ ಶಕ್ತಿಯುತವಾದುದಾದರೂ ಕೈಯಿಂದ ಬರೆಯಲು ಬಲು ಪ್ರಯಾಸ. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮಾರ್ಕ್‌ಡೌನ್ ಎಂಬ ಸರಳ ಕ್ರಮದಲ್ಲಿ ಮೊದಲಿಗೆ ಕೋಷ್ಟಕಕ್ಕೆ ಪ್ರತ್ಯೇಕ ಗುರುತಿರಲಿಲ್ಲ. ಅದನ್ನು ವಿಸ್ತರಿಸಿದ ಇತರರು ಲಂಬರೇಖೆಯ ಪದ್ಧತಿಯನ್ನು ಬಳಕೆಗೆ ತಂದರು. ಇಂದು ಅನೇಕ ಪಠ್ಯಸಂಪಾದಕ ತಂತ್ರಾಂಶಗಳು ಇದನ್ನು ಅರಿಯುತ್ತವೆ. ಅದರ ನಿಯಮಗಳು ಕೆಲವೇ:

(ಅ) ಕೋಷ್ಟಕದ ಒಂದು ಸಾಲಿಗೆ ಬರಹದ ಒಂದು ಪಂಕ್ತಿ. ಕೋಷ್ಟಕದ ಹಿಂದೆ ಮತ್ತು ಮುಂದೆ ಒಂದೊಂದು ಖಾಲಿ ಪಂಕ್ತಿ ಇರಬೇಕು.

(ಆ) ಮನೆಗಳ ನಡುವೆ ಲಂಬರೇಖೆಯನ್ನು (|) ಹಾಕಬೇಕು. ಎಲ್ಲ ಸಾಲುಗಳಲ್ಲಿಯೂ ಲಂಬರೇಖೆಗಳ ಸಂಖ್ಯೆ ಒಂದೇ ಆಗಿರಬೇಕು. ಮನೆ ಖಾಲಿಯಿದ್ದರೂ ರೇಖೆಯನ್ನು ಬಿಡುವಂತಿಲ್ಲ.

(ಇ) ಮೊದಲ ಪಂಕ್ತಿ ಅಂಕಣಗಳ ಶೀರ್ಷಿಕೆ. ಎರಡನೆಯ ಪಂಕ್ತಿಯ ಪ್ರತಿ ಮನೆಯಲ್ಲಿ ಮೂರೋ ಹೆಚ್ಚೋ ಕಿರುಗೆರೆಗಳು (---). ಈ ಪಂಕ್ತಿ ಇಲ್ಲವಾದರೆ ತಂತ್ರಾಂಶವು ಇದನ್ನು ಕೋಷ್ಟಕವೆಂದೇ ಗುರುತಿಸದು.

(ಈ) ಕಿರುಗೆರೆಗಳ ಎಡಕ್ಕೆ ಕೋಲನ್ ಹಾಕಿದರೆ (:---) ಆ ಅಂಕಣ ಎಡಕ್ಕೆ ಒತ್ತಿ ನಿಲ್ಲುತ್ತದೆ. ಬಲಕ್ಕೆ ಹಾಕಿದರೆ (---:) ಬಲಕ್ಕೆ. ಎರಡೂ ಕಡೆ ಹಾಕಿದರೆ (:---:) ನಡುವೆ. ಮಾತುಗಳಿಗೆ ಎಡ ಒತ್ತು, ಅಂಕಿಗಳಿಗೆ ಬಲ ಒತ್ತು ಎಂಬುದು ಸಾಮಾನ್ಯ ನಿಯಮ. ಬಲಕ್ಕೆ ಒತ್ತಿ ನಿಲ್ಲಿಸಿದಾಗ ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು, ಲಕ್ಷದ ಕೆಳಗೆ ಲಕ್ಷ ಬರುತ್ತದೆ. ಯಾವ ಸಂಖ್ಯೆ ದೊಡ್ಡದೆಂಬುದು ಓದುವ ಮೊದಲೇ ಕಾಣುತ್ತದೆ. ದಶಾಂಶಗಳಿದ್ದರೆ ಎಲ್ಲ ಮನೆಗಳಲ್ಲಿಯೂ ಬಿಂದುವಿನ ಮುಂದೆ ಸಮಾನ ಸಂಖ್ಯೆಯ ಅಂಕಿಗಳಿರಬೇಕು: ಒಂದೆಡೆ 3.9, ಇನ್ನೊಂದೆಡೆ 3.86 ಎಂದು ಬರೆದರೆ ಬಿಂದುಗಳು ಒಂದರ ಕೆಳಗೊಂದು ನಿಲ್ಲಲಾರವು.

(ಉ) ಮನೆಯೊಳಗೆ ಲಂಬರೇಖೆಯೇ ಬರಬೇಕಾದಾಗ (ಛಂದಸ್ಸಿನ ಪ್ರಸ್ತಾರದಲ್ಲಿ ಗಣಗಳನ್ನು ಬೇರ್ಪಡಿಸುವ ಗೆರೆ ಇದಕ್ಕೆ ಉದಾಹರಣೆ) ಅದರ ಹಿಂದೆ ಓರೆಗೆರೆ (\) ಇಡಬೇಕು. ಇಲ್ಲವಾದರೆ ಒಂದು ಮನೆ ಒಡೆದು ಎರಡಾಗುತ್ತದೆ.

ಬರೆಯುವಾಗ ಲಂಬರೇಖೆಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲಬೇಕೆಂಬ ನಿರ್ಬಂಧವಿಲ್ಲ. ಕನ್ನಡದಲ್ಲಿ ಅವು ಹಾಗೆ ನಿಲ್ಲುವುದೂ ಇಲ್ಲ. ನಿಲ್ಲಿಸಲು ಶ್ರಮಪಡುವ ಅಗತ್ಯವೂ ಇಲ್ಲ. ಗಡಿ ಎಲ್ಲಿದೆಯೆಂದು ಹೇಳುವುದು ಲೇಖಕನ ಕೆಲಸ. ಅದನ್ನು ನೆಟ್ಟಗೆ ಎಳೆಯುವುದು ತಂತ್ರಾಂಶದ ಕೆಲಸ.

4. ಒಂದು ನಿದರ್ಶನ: ಗಣತಿಯ ಐದು ಸಾಲುಗಳು

ಕರ್ನಾಟಕದ ಹೊರಗಿನ ಕನ್ನಡಿಗರ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಯೊಂದಿದೆ: ಕನ್ನಡ ಮಾತನಾಡುವವರ ಸಂಖ್ಯೆ ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ? ಇದಕ್ಕೆ ಉತ್ತರವಾಗಿ ಭಾರತದ ಜನಗಣತಿಯ ಅಂಕಿಗಳನ್ನು ಮೇಲಿನ ಕ್ರಮದಲ್ಲಿ ಬರೆದರೆ ಹೀಗಾಗುತ್ತದೆ:

| ಗಣತಿಯ ವರ್ಷ | ಕನ್ನಡ ಭಾಷಿಕರು | ಎಣಿಕೆಯಾದ ಜನರಲ್ಲಿ ಶೇಕಡಾ | ಎಣಿಕೆಯಿಂದ ಹೊರಗುಳಿದ ಪ್ರದೇಶ |
| :--- | ---: | ---: | :--- |
| 1971 | 2,17,10,649 | 3.96 | ಇಲ್ಲ |
| 1981 | 2,56,97,146 | 3.86 | ಅಸ್ಸಾಂ |
| 1991 | 3,27,53,676 | 3.91 | ಜಮ್ಮು ಮತ್ತು ಕಾಶ್ಮೀರ |
| 2001 | 3,79,24,011 | 3.69 | ಮಣಿಪುರದ ಸೇನಾಪತಿ ಜಿಲ್ಲೆಯ 3 ಉಪವಿಭಾಗಗಳು |
| 2011 | 4,37,06,512 | 3.61 | ಇಲ್ಲ |

ಈ ಕೋಷ್ಟಕದಲ್ಲಿ ಎರಡನೆಯ ಅಂಕಣವನ್ನಷ್ಟೇ ಉಳಿಸಿಕೊಂಡರೆ ನಲವತ್ತು ವರ್ಷಗಳಲ್ಲಿ ಕನ್ನಡ ಭಾಷಿಕರು ಇಮ್ಮಡಿಯಾದರೆಂಬ ಸಮಾಧಾನದ ಕಥೆ ದೊರೆಯುತ್ತದೆ. ಮೂರನೆಯದನ್ನಷ್ಟೇ ಉಳಿಸಿಕೊಂಡರೆ ದೇಶದ ಜನರಲ್ಲಿ ಕನ್ನಡಿಗರ ಪಾಲು ಕುಗ್ಗಿತೆಂಬ ಆತಂಕದ ಕಥೆ ದೊರೆಯುತ್ತದೆ. ಎರಡೂ ನಿಜ. ಯಾವುದನ್ನು ಕೈಬಿಡುತ್ತೇವೆ ಎಂಬುದರಲ್ಲಿಯೇ ವಾದ ಅಡಗಿರುವುದರಿಂದ ಎರಡು ಅಂಕಣಗಳನ್ನೂ ಒಟ್ಟಿಗೆ ಇಡುವುದು ಸಂಶೋಧಕನ ಕರ್ತವ್ಯ.

ನಾಲ್ಕನೆಯ ಅಂಕಣವನ್ನು ಅನಗತ್ಯವೆಂದು ಹಲವರು ಬಿಟ್ಟುಬಿಡುವುದುಂಟು. ಅದರ ಮಹತ್ವವನ್ನು ಸ್ವಲ್ಪ ವಿವರಿಸಬೇಕು. 1981ರಲ್ಲಿ ಅಸ್ಸಾಮಿನಲ್ಲಿಯೂ 1991ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿಯೂ ಗಣತಿ ನಡೆಯಲಿಲ್ಲ. ಆದ್ದರಿಂದ ಭಾಷಾಕೋಷ್ಟಕದ ಶೇಕಡಾ ಪ್ರಮಾಣವನ್ನು 1981ರಲ್ಲಿ 66.53 ಕೋಟಿ ಜನರ ಮೇಲೆ, 1991ರಲ್ಲಿ 83.86 ಕೋಟಿ ಜನರ ಮೇಲೆ ಲೆಕ್ಕಹಾಕಲಾಗಿದೆ. ಹೊರಗುಳಿದ ಪ್ರದೇಶಗಳ ಅಂದಾಜು ಜನಸಂಖ್ಯೆಯನ್ನು ಸೇರಿಸಿದರೆ ದೇಶದ ಒಟ್ಟು ಜನಸಂಖ್ಯೆ ಕ್ರಮವಾಗಿ 68.33 ಕೋಟಿ ಮತ್ತು 84.64 ಕೋಟಿ ಆಗುತ್ತದೆ. ಆ ಪ್ರದೇಶಗಳಲ್ಲಿ ಕನ್ನಡ ಭಾಷಿಕರು ತೀರ ವಿರಳವೆಂದು ಭಾವಿಸಿ ಲೆಕ್ಕಹಾಕಿದರೆ ಕನ್ನಡದ ಪಾಲು 1981ರಲ್ಲಿ ಶೇಕಡಾ 3.76, 1991ರಲ್ಲಿ ಶೇಕಡಾ 3.87 ಎಂದಾಗುತ್ತದೆ.

ವ್ಯತ್ಯಾಸ ಚಿಕ್ಕದೆಂದು ತೋರಬಹುದು. ಆದರೆ 1971ರಿಂದ 1981ಕ್ಕೆ ಆದ ಇಳಿಕೆಯನ್ನು ಗಮನಿಸಬೇಕು. ಮುದ್ರಿತ ಅಂಕಿಗಳಂತೆ ಅದು 3.96ರಿಂದ 3.86ಕ್ಕೆ, ಎಂದರೆ 0.10. ಸರಿಪಡಿಸಿದ ಲೆಕ್ಕದಂತೆ 3.96ರಿಂದ 3.76ಕ್ಕೆ, ಎಂದರೆ 0.20. ಇಳಿಕೆಯ ಅರ್ಧಭಾಗ ಅಸ್ಸಾಮಿನ ಗೈರುಹಾಜರಿಯಲ್ಲಿ ಮರೆಯಾಗಿದೆ. ಕನ್ನಡಕ್ಕೂ ಅಸ್ಸಾಮಿಗೂ ಏನು ಸಂಬಂಧವೆಂದು ಕೇಳುವವರಿಗೆ ಇದೇ ಉತ್ತರ: ಶೇಕಡಾ ಪ್ರಮಾಣವೆಂಬುದು ಎರಡು ಸಂಖ್ಯೆಗಳ ಸಂಬಂಧ, ಮೇಲಿನ ಸಂಖ್ಯೆ ಕನ್ನಡಿಗರದಾದರೂ ಕೆಳಗಿನ ಸಂಖ್ಯೆ ಇಡೀ ದೇಶದ್ದು. ಅಂಕಣದ ಶೀರ್ಷಿಕೆಯನ್ನು ಬರಿದೆ 'ಶೇಕಡಾ' ಎಂದು ಬರೆಯದೆ 'ಎಣಿಕೆಯಾದ ಜನರಲ್ಲಿ ಶೇಕಡಾ' ಎಂದು ಬರೆದಿರುವುದು ಈ ಕಾರಣಕ್ಕಾಗಿ. ಯಾವುದರಲ್ಲಿ ಶೇಕಡಾ ಎಂಬುದನ್ನು ಹೇಳದ ಶೀರ್ಷಿಕೆ ಅರೆ ಶೀರ್ಷಿಕೆಯಷ್ಟೇ.

ಎರಡನೆಯ ಅಂಕಣದ 'ಕನ್ನಡ ಭಾಷಿಕರು' ಎಂಬ ಶೀರ್ಷಿಕೆಯೂ ವಿವರಣೆಯನ್ನು ಅಪೇಕ್ಷಿಸುತ್ತದೆ. ಜನಗಣತಿಯು ಜನರು ಹೇಳಿದ ಮಾತೃಭಾಷೆಗಳನ್ನು ಮೊದಲು ದಾಖಲಿಸಿ, ಆಮೇಲೆ ಅವುಗಳನ್ನು ಭಾಷೆಗಳ ಅಡಿಯಲ್ಲಿ ಗುಂಪುಗೂಡಿಸುತ್ತದೆ. 2011ರ ಕನ್ನಡದ ಸಂಖ್ಯೆಯಲ್ಲಿ ಬಡಗವನ್ನು ಮಾತೃಭಾಷೆಯೆಂದು ಹೇಳಿದ 1,33,550 ಮಂದಿ ಸೇರಿದ್ದಾರೆ. ಕುರುಬ ಅಥವಾ ಕುರುಂಬ ಎಂದು ಹೇಳಿದವರೂ ಸೇರಿದ್ದಾರೆ. ಬಡಗವನ್ನು ಪ್ರತ್ಯೇಕ ಭಾಷೆಯೆಂದು ಪರಿಗಣಿಸುವ ಭಾಷಾವಿಜ್ಞಾನಿಗಳಿದ್ದಾರೆ. ಬಡಗರ ನೆಲೆ ನೀಲಗಿರಿಯಾದ್ದರಿಂದ ಈ ಪ್ರಶ್ನೆ ತಮಿಳುನಾಡಿನ ಕನ್ನಡಿಗರ ಸಂಖ್ಯೆಯನ್ನು ವಿಶೇಷವಾಗಿ ತಟ್ಟುತ್ತದೆ. ಕರ್ನಾಟಕದೊಳಗಿನ ನಾಲ್ಕು ಕೋಟಿಯಲ್ಲಿ ಇಂಥ ವ್ಯತ್ಯಾಸ ಕರಗಿಹೋಗಬಹುದು. ಹೊರಗಿನ ಸುಮಾರು ಮೂವತ್ತು ಲಕ್ಷದಲ್ಲಿ ಕರಗುವುದಿಲ್ಲ. ಆದ್ದರಿಂದ ರಾಜ್ಯವಾರು ಕೋಷ್ಟಕ ಮಾಡುವವರು ತಾವು ಬಳಸಿದ್ದು ಗುಂಪಿನ ಸಂಖ್ಯೆಯೋ ಮಾತೃಭಾಷೆಯ ಸಂಖ್ಯೆಯೋ ಎಂಬುದನ್ನು ಕೋಷ್ಟಕದ ಕೆಳಗೆ ಒಂದು ಸಾಲಿನಲ್ಲಾದರೂ ತಿಳಿಸಬೇಕು.

5. ಖಾಲಿ ಮನೆ, ಸೊನ್ನೆ ಮತ್ತು 'ಮೇಲಿನಂತೆ'

ಮೇಲಿನ ಕೋಷ್ಟಕಕ್ಕೆ 2021 ಎಂಬ ಸಾಲೊಂದನ್ನು ಸೇರಿಸಬೇಕಾಯಿತೆಂದು ಇಟ್ಟುಕೊಳ್ಳೋಣ. ಆ ವರ್ಷ ನಡೆಯಬೇಕಾಗಿದ್ದ ಗಣತಿ ನಡೆಯಲಿಲ್ಲ. ಮನೆಯಲ್ಲಿ ಸೊನ್ನೆ ಬರೆದರೆ ಕನ್ನಡ ಭಾಷಿಕರು ಯಾರೂ ಇಲ್ಲವೆಂದಾಗುತ್ತದೆ. ಸರಾಸರಿ ತೆಗೆಯುವ ತಂತ್ರಾಂಶವು ಅದನ್ನು ಹಾಗೆಯೇ ನಂಬುತ್ತದೆ. ಖಾಲಿ ಬಿಟ್ಟರೆ ಲೇಖಕನು ಮರೆತನೋ, ಮಾಹಿತಿ ಸಿಗಲಿಲ್ಲವೋ, ಪ್ರಶ್ನೆಯೇ ಅನ್ವಯಿಸದೋ ತಿಳಿಯದು. ಎಣಿಸಿದಾಗ ಏನೂ ಸಿಗಲಿಲ್ಲ, ಎಣಿಸಲೇ ಇಲ್ಲ, ಎಣಿಸುವ ಪ್ರಶ್ನೆಯೇ ಇಲ್ಲ ಎಂಬ ಈ ಮೂರು ಸ್ಥಿತಿಗಳೂ ಬೇರೆ ಬೇರೆ. ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ 'ಎಣಿಕೆ ಇಲ್ಲ' ಎಂಬ ಮಾತು, ಮೂರನೆಯದಕ್ಕೆ ಒಂದು ಅಡ್ಡಗೆರೆ ಎಂಬ ಕ್ರಮವನ್ನು ಇಟ್ಟುಕೊಂಡು, ಅದನ್ನು ಲೇಖನದುದ್ದಕ್ಕೂ ಪಾಲಿಸುವುದು ಒಳ್ಳೆಯದು.

ಖಾತೆ ಪುಸ್ತಕದ ಅಭ್ಯಾಸದಿಂದ ಬಂದ ಇನ್ನೊಂದು ರೂಢಿಯೆಂದರೆ, ಮೇಲಿನ ಮನೆಯ ಮಾತೇ ಕೆಳಗೂ ಬಂದಾಗ ಎರಡು ಗೀಟುಗಳನ್ನು ಹಾಕಿ 'ಮೇಲಿನಂತೆ' ಎಂದು ಸೂಚಿಸುವುದು. ಕಾಗದದಲ್ಲಿ ಇದು ನಿರಪಾಯಕಾರಿ, ಏಕೆಂದರೆ ಅಲ್ಲಿ ಸಾಲುಗಳು ಸ್ಥಾನ ಬಿಟ್ಟು ಕದಲುವುದಿಲ್ಲ. ಗಣಕದಲ್ಲಿ ಕೋಷ್ಟಕವನ್ನು ಯಾರಾದರೂ ಮರುಜೋಡಿಸಿದ ಕೂಡಲೇ ಆ ಗೀಟುಗಳು ಬೇರೊಂದು ಸಾಲಿನ ಕೆಳಗೆ ಹೋಗಿ ಬೇರೊಂದು ಅರ್ಥ ಕೊಡುತ್ತವೆ. ಪುನರುಕ್ತಿಯಾದರೂ ಪ್ರತಿ ಮನೆಯನ್ನೂ ಪೂರ್ತಿಯಾಗಿ ತುಂಬುವುದೇ ಕ್ಷೇಮ.

ಎರಡು ಮೂರು ಮನೆಗಳನ್ನು ಕೂಡಿಸಿ ಒಂದೇ ಶೀರ್ಷಿಕೆ ಬರೆಯುವ ಪದ್ಧತಿಗೂ ಇದೇ ಮಾತು ಸಲ್ಲುತ್ತದೆ. ಲಂಬರೇಖೆಯ ಕ್ರಮದಲ್ಲಿ ಸಾಮಾನ್ಯವಾಗಿ ಅದಕ್ಕೆ ಅವಕಾಶವಿಲ್ಲ. '2011' ಎಂಬ ಒಂದು ಶೀರ್ಷಿಕೆಯ ಕೆಳಗೆ 'ಪುರುಷರು', 'ಸ್ತ್ರೀಯರು' ಎಂದು ಎರಡು ಬರೆಯುವ ಬದಲು '2011: ಪುರುಷರು', '2011: ಸ್ತ್ರೀಯರು' ಎಂದು ಎರಡು ಪೂರ್ಣ ಶೀರ್ಷಿಕೆಗಳನ್ನು ಕೊಡಬೇಕು. ಇದರಿಂದ ಇನ್ನೊಂದು ಪ್ರಯೋಜನವೂ ಇದೆ. ಕಣ್ಣು ಕಾಣದ ಓದುಗರಿಗಾಗಿ ತೆರೆಯ ಮೇಲಿನ ಬರಹವನ್ನು ಓದಿಹೇಳುವ ತಂತ್ರಾಂಶಗಳು ಮನೆಯಿಂದ ಮನೆಗೆ ಹೋಗುವಾಗ ಆಯಾ ಅಂಕಣದ ಶೀರ್ಷಿಕೆಯನ್ನೂ ಹೇಳಬಲ್ಲವು. ಶೀರ್ಷಿಕೆ ಪೂರ್ಣವಾಗಿದ್ದರೆ ಆ ಓದುಗರಿಗೂ ಕೋಷ್ಟಕ ಪೂರ್ಣವಾಗಿ ದೊರೆಯುತ್ತದೆ. ಚಿತ್ರವಾಗಿ ಅಂಟಿಸಿದ ಕೋಷ್ಟಕವನ್ನು ಹೀಗೆ ಮನೆ ಮನೆಯಾಗಿ ಕೇಳಿಸಿಕೊಳ್ಳಲು ಅವರಿಗೆ ಸಾಧ್ಯವಾಗುವುದಿಲ್ಲ.

6. ಅಂಕಿ ಮತ್ತು ಅಕಾರಾದಿ

ಕನ್ನಡ ಅಂಕಿ, ಅಂತರರಾಷ್ಟ್ರೀಯ ಅಂಕಿ ಇವೆರಡರಲ್ಲಿ ಯಾವುದನ್ನು ಬಳಸಿದರೂ ಆಕ್ಷೇಪಣೆಯಿಲ್ಲ. ಒಂದೇ ಕೋಷ್ಟಕದಲ್ಲಿ ಎರಡನ್ನೂ ಬೆರೆಸಬಾರದು. 3 ಮತ್ತು ೩ ನಮಗೆ ಒಂದೇ ಬೆಲೆಯವಾದರೂ ಗಣಕಕ್ಕೆ ಬೇರೆ ಬೇರೆ ಸಂಕೇತಗಳು. ಅಲ್ಪವಿರಾಮದ ಸ್ಥಾನವೂ ಹಾಗೆಯೇ. 4,37,06,512 ಎಂದು ಬರೆದಾಗ ಕೋಟಿ, ಲಕ್ಷ, ಸಾವಿರ ಎಂದು ಓದುವ ನಮ್ಮ ಕ್ರಮಕ್ಕೆ ಅದು ಹೊಂದುತ್ತದೆ. 43,706,512 ಎಂದು ಬರೆದರೆ ಓದುಗನು ಮನಸ್ಸಿನಲ್ಲಿಯೇ ಮರುವಿಂಗಡಣೆ ಮಾಡಿಕೊಳ್ಳಬೇಕಾಗುತ್ತದೆ. ಇಂಗ್ಲಿಷ್ ಮೂಲದಿಂದ ನಕಲು ಮಾಡುವಾಗ ಈ ಎರಡು ಕ್ರಮಗಳು ಬೆರೆಯುವುದು ಬಹಳ ಸುಲಭ.

ಪದಗಳ ಅಂಕಣವನ್ನು ಅಕಾರಾದಿಯಾಗಿ ಜೋಡಿಸಲು ಗಣಕಕ್ಕೆ ಒಪ್ಪಿಸಿದರೆ ಫಲಿತಾಂಶವನ್ನು ಒಮ್ಮೆ ಪರಿಶೀಲಿಸಬೇಕು. ಯೂನಿಕೋಡಿನ ಸಂಕೇತಕ್ರಮದಲ್ಲಿ 'ಳ'ಕಾರವು 'ಲ'ಕಾರದ ಬೆನ್ನಿಗೇ, 'ವ'ಕಾರಕ್ಕಿಂತ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದು 'ಹ'ಕಾರದ ಅನಂತರದ್ದು. ಹಾಗಾಗಿ ಬರಿಯ ಸಂಕೇತಕ್ರಮವನ್ನು ಅನುಸರಿಸಿದರೆ ಹಳೆ, ಹವೆ, ಹಸಿರು ಎಂದು ಬರುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಹವೆ, ಹಸಿರು, ಹಳೆ ಎಂದಿರಬೇಕು. ಶಬ್ದಪಟ್ಟಿಗಳನ್ನು ಸಿದ್ಧಪಡಿಸುವ ಉಪಭಾಷಾ ಸಂಶೋಧಕರು ಇದನ್ನು ವಿಶೇಷವಾಗಿ ಗಮನಿಸಬೇಕು.

7. ಉಪಸಂಹಾರ

ಇಲ್ಲಿ ಹೇಳಿದ ನಿಯಮಗಳಲ್ಲಿ ಯಾವುದೂ ಕಷ್ಟಸಾಧ್ಯವಲ್ಲ. ತೆರಪಿನ ಬದಲು ಗುರುತು, ಅರೆ ಶೀರ್ಷಿಕೆಯ ಬದಲು ಪೂರ್ಣ ಶೀರ್ಷಿಕೆ, ಖಾಲಿ ಮನೆಯ ಬದಲು ಖಾಲಿಯ ಕಾರಣ ಇವಿಷ್ಟನ್ನು ಅಭ್ಯಾಸ ಮಾಡಿಕೊಂಡರೆ ಸಾಕು. ಮುಂದಿನ ಜನಗಣತಿಗೆ 2025ರ ಜೂನ್ ತಿಂಗಳಲ್ಲಿ ಅಧಿಸೂಚನೆ ಹೊರಟಿದೆ; ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1 ಅದರ ಗಣನೆಯ ದಿನ. ಅದರ ಭಾಷಾಕೋಷ್ಟಕಗಳು ಪ್ರಕಟವಾದಾಗ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡಿಗರು ತಮ್ಮ ಸಂಖ್ಯೆಯನ್ನು 2011ರ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡುವುದು ಖಂಡಿತ. ಶಾಲೆಗೆ, ಪಠ್ಯಪುಸ್ತಕಕ್ಕೆ, ಗ್ರಂಥಾಲಯಕ್ಕೆ ಸಲ್ಲಿಸುವ ಮನವಿಗಳಿಗೆ ಆ ಅಂಕಿಗಳೇ ಆಧಾರವಾಗುತ್ತವೆ. ನಡುವಣ ಅಂತರ ಈ ಸಲ ಹತ್ತು ವರ್ಷದ್ದಲ್ಲ, ಹದಿನಾರು ವರ್ಷದ್ದು. ದಶಕದ ಬೆಳವಣಿಗೆಯೆಂಬ ಶೀರ್ಷಿಕೆಯ ಕೆಳಗೆ ಅದನ್ನು ಬರೆಯುವಂತಿಲ್ಲ. ಆ ಕೋಷ್ಟಕವನ್ನು ಸಿದ್ಧಪಡಿಸುವವರು ಮೊದಲು ಶೀರ್ಷಿಕೆಗಳ ಸಾಲನ್ನು ಬರೆದು, ಅದರ ಪ್ರತಿಯೊಂದು ಮಾತನ್ನೂ ಪರಿಶೀಲಿಸಿ, ಆಮೇಲೆ ಅಂಕಿಗಳಿಗೆ ಕೈಹಾಕುವುದು ಉಚಿತ.